ಇಪ್ಪತ್ತೆರಡನೆಯ ಪ್ರಶ್ನೆ

1996ರ ಮಾರ್ಚ್ 9. ಬೆಂಗಳೂರಿನಲ್ಲಿ ಭಾರತ ಮತ್ತು ಪಾಕಿಸ್ತಾನದ ನಡುವೆ ವಿಶ್ವಕಪ್ ಕ್ವಾರ್ಟರ್ ಫೈನಲ್ ಪಂದ್ಯವಿದ್ದ ದಿನ. ನಾನಾಗ ಒಂಬತ್ತನೆಯ ತರಗತಿ. ಏಳನೆಯವರೆಗೆ ಉರ್ದು ಶಾಲೆಯಲ್ಲಿ ಓದಿ ಕನ್ನಡ ಹೈಸ್ಕೂಲಿಗೆ ಬಂದಿದ್ದವಳಿಗೆ ಒತ್ತಕ್ಷರ, ಮಹಾಪ್ರಾಣಗಳ ಜಗಳ ಇನ್ನೂ ಮುಗಿದಿರಲಿಲ್ಲ. ಶನಿವಾರ ಬೆಳಗಿನ ತರಗತಿ. ಮೇಷ್ಟ್ರೊಬ್ಬರು ಹಾಜರಿ ಕೂಗುತ್ತ ನನ್ನ ಹೆಸರು ಬಂದಾಗ ನಿಲ್ಲಿಸಿ, ನಗುತ್ತಲೇ, 'ಏನಮ್ಮ, ಇವತ್ತು ನಿನ್ನ ಸಪೋರ್ಟ್ ಯಾರಿಗೆ?' ಎಂದರು. ಇಡೀ ತರಗತಿ ನನ್ನತ್ತ ತಿರುಗಿತು. ಅವರ ಮಾತು ಮುಗಿಯುವ ಮೊದಲೇ ನಾನು 'ಇಂಡಿಯಾಕ್ಕೆ ಸಾರ್' ಎಂದುಬಿಟ್ಟಿದ್ದೆ.

ಅದು ಸುಳ್ಳಾಗಿರಲಿಲ್ಲ. ನಮ್ಮ ಮನೆಯ ಗೋಡೆಯ ಮೇಲೆ ತಮ್ಮ ಅಂಟಿಸಿದ್ದ ಕುಂಬ್ಳೆ, ಶ್ರೀನಾಥರ ಚಿತ್ರಗಳಿದ್ದವು. ಅಂದು ರಾತ್ರಿ ವೆಂಕಟೇಶ ಪ್ರಸಾದ್ ಅಮೀರ್ ಸೊಹೇಲ್‌ನ ವಿಕೆಟ್ ಕಿತ್ತಾಗ ನಮ್ಮ ಮೊಹಲ್ಲಾದಲ್ಲಿ ಎದ್ದ ಕೂಗಿಗೆ ಮಲಗಿದ್ದ ಮಕ್ಕಳೆಲ್ಲ ಎದ್ದು ಕೂತಿದ್ದವು. ಉತ್ತರ ನಿಜವೇ. ಆದರೆ ಅಷ್ಟು ಅವಸರದಲ್ಲಿ ಯಾಕೆ ಹೇಳಿದೆ? ಪಕ್ಕದ ಬೆಂಚಿನವಳನ್ನು ಅವರು ಯಾಕೆ ಕೇಳಲಿಲ್ಲ? ಮೇಷ್ಟ್ರು ಕೆಟ್ಟವರಾಗಿರಲಿಲ್ಲ, ನನ್ನ ಕಾಗುಣಿತ ತಿದ್ದಿದವರೇ ಅವರು. ಬಹುಶಃ ಅವರಿಗೆ ಸಂಜೆಯ ಹೊತ್ತಿಗೆ ಅದು ಮರೆತುಹೋಗಿರಬೇಕು. ನನಗೆ ಮಾತ್ರ ಆ ಅವಸರ ಮರೆತಿಲ್ಲ.

ಇದನ್ನು ಮತ್ತೆ ನೆನಪಿಸಿದ್ದು ಮಗಳ ಕಾಲೇಜಿನ ಪಾಠ. ಅವಳು ಕಾನೂನು ಓದುತ್ತಿದ್ದಾಳೆ. ಕಾಲೇಜಿನಲ್ಲಿ ಅಣಕು ನ್ಯಾಯಾಲಯ ನಡೆಸುತ್ತಾರಂತೆ. ಹಳೆಯ ಮೊಕದ್ದಮೆಯೊಂದನ್ನು ಕೊಟ್ಟು ಒಬ್ಬರು ಸರಕಾರದ ಪರ, ಇನ್ನೊಬ್ಬರು ವಿರುದ್ಧ ವಾದಿಸಬೇಕು. ಅವಳ ಪಾಲಿಗೆ ಬಂದದ್ದು 1929ರ ಅಮೆರಿಕದ ಸುಪ್ರೀಂ ಕೋರ್ಟಿನ ಮೊಕದ್ದಮೆ, ಅದೂ ಸರಕಾರದ ಪರ. ಎದುರು ಪಕ್ಷದಲ್ಲಿದ್ದವಳು ಹಂಗೇರಿಯ ಒಬ್ಬ ಹೆಂಗಸು, ರೋಸಿಕಾ ಶ್ವಿಮ್ಮರ್. ರೋಸಿಕಾ ಎಂದರೆ ಆ ಭಾಷೆಯಲ್ಲಿ ಪುಟ್ಟ ಗುಲಾಬಿ. ಮಗಳು ರಾತ್ರಿ ಅಡುಗೆ ಮನೆಯ ಬಾಗಿಲಲ್ಲಿ ನಿಂತು ತನ್ನ ವಾದ ಒಪ್ಪಿಸುತ್ತಿದ್ದಳು, ನಾನು ರೊಟ್ಟಿ ಬೇಯಿಸುತ್ತ ನ್ಯಾಯಾಧೀಶೆಯಾಗಿದ್ದೆ. ಅವಳ ವಾದಕ್ಕಿಂತ ಎದುರು ಪಕ್ಷದವಳೇ ನನಗೆ ಹತ್ತಿರವಾಗತೊಡಗಿದಳು. ಮೊಕದ್ದಮೆ ಮುಗಿದ ಮೇಲೂ ನಾನು ಆಕೆಯ ಬಗ್ಗೆ ಓದುತ್ತಲೇ ಹೋದೆ.

ರೋಸಿಕಾ ಹುಟ್ಟಿದ್ದು 1877ರಲ್ಲಿ, ಬುಡಾಪೆಸ್ಟಿನ ಒಂದು ಯಹೂದಿ ಮನೆಯಲ್ಲಿ. ತಂದೆಯ ವ್ಯವಹಾರ ಕೈಕೊಟ್ಟಿದ್ದರಿಂದ ಹುಡುಗಿ ಲೆಕ್ಕಪತ್ರ ಬರೆಯುವ ಗುಮಾಸ್ತೆಯಾಗಿ ದುಡಿಯಬೇಕಾಯಿತು. ಹೆಂಗಸರು ಕಚೇರಿಗಳಲ್ಲಿ ಗಂಡಸರಷ್ಟೇ ಕೆಲಸ ಮಾಡಿ ಕಡಿಮೆ ಸಂಬಳ ಪಡೆಯುವುದನ್ನು ಆಕೆ ಪುಸ್ತಕದಲ್ಲಿ ಓದಿ ತಿಳಿದದ್ದಲ್ಲ. ಮೊದಲು ಕಚೇರಿ ನೌಕರಿಯ ಹೆಂಗಸರ ಸಂಘ, ಆಮೇಲೆ 1904ರಲ್ಲಿ ವಿಲ್ಮಾ ಗ್ಲೂಕ್ಲಿಖ್ ಎಂಬ ಗೆಳತಿಯೊಡನೆ ಸೇರಿ ಹಂಗೇರಿಯ ಸ್ತ್ರೀವಾದಿಗಳ ಸಂಘ. ಪತ್ರಿಕೆ ನಡೆಸಿದಳು, ಊರೂರು ಭಾಷಣ ಮಾಡಿದಳು. ಹೆಂಗಸರಿಗೆ ಮತದ ಹಕ್ಕು ಬೇಕೆಂದು ಹೋರಾಡುವ ಅಂತರರಾಷ್ಟ್ರೀಯ ಒಕ್ಕೂಟದ ಮಹಾಸಮ್ಮೇಳನ 1913ರಲ್ಲಿ ಬುಡಾಪೆಸ್ಟಿನಲ್ಲೇ ನಡೆಯಿತು. ಅದರ ಹಿಂದೆ ಓಡಾಡಿದವರಲ್ಲಿ ಆಕೆ ಪ್ರಮುಖಳು. ಮರು ವರ್ಷ ಆ ಒಕ್ಕೂಟದ ಪತ್ರಿಕಾ ಕಾರ್ಯದರ್ಶಿಯಾಗಿ ಲಂಡನ್ನಿಗೆ ಹೋದಳು.

ಆ ವರ್ಷ 1914. ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜನ ಕೊಲೆಯಾಗಿ ಕೆಲವೇ ದಿನಗಳಾಗಿದ್ದವು. ಜುಲೈ ತಿಂಗಳಲ್ಲಿ ಬ್ರಿಟನ್ನಿನ ಮಂತ್ರಿ ಲಾಯ್ಡ್ ಜಾರ್ಜ್‌ನ ಮನೆಯಲ್ಲಿ ಬೆಳಗಿನ ತಿಂಡಿಗೆ ಕೂತ ರೋಸಿಕಾ, ಈ ಕೊಲೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಇದು ಯುದ್ಧ ತರುತ್ತದೆ ಎಂದು ಎಚ್ಚರಿಸಿದಳಂತೆ. ಹೀಗೆ ಹೇಳಿದವಳು ಆಕೆಯೊಬ್ಬಳೇ ಎಂದು ಎಷ್ಟೋ ವರ್ಷಗಳ ನಂತರ ಲಾಯ್ಡ್ ಜಾರ್ಜ್ ತನ್ನ ನೆನಪುಗಳಲ್ಲಿ ಬರೆದುಕೊಂಡ. ಆಗಸ್ಟ್ ಬಂತು, ಯುದ್ಧವೂ ಬಂತು. ನಿನ್ನೆಯವರೆಗೆ ಲಂಡನ್ನಿನಲ್ಲಿ ಅತಿಥಿಯಾಗಿದ್ದವಳು ಬೆಳಗಾಗುವುದರೊಳಗೆ ಶತ್ರು ದೇಶದವಳಾದಳು. ಒಂದು ರಾತ್ರಿಯಲ್ಲಿ ನೆರೆಯವರು ಪರಕೀಯರಾಗುವುದನ್ನು ಬೇರೆ ಕಡೆಗಳಲ್ಲಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆಕೆ ಊರಿಗೆ ಮರಳಲಿಲ್ಲ. ಅಟ್ಲಾಂಟಿಕ್ ದಾಟಿ ಅಮೆರಿಕಕ್ಕೆ ಹೋದಳು. ಸೆಪ್ಟೆಂಬರಿನಲ್ಲಿ ಅಧ್ಯಕ್ಷ ವಿಲ್ಸನ್‌ನನ್ನು ಕಂಡು, ಹಲವು ದೇಶಗಳ ಹೆಂಗಸರ ಮನವಿಯನ್ನು ಕೊಟ್ಟು, ತಟಸ್ಥ ದೇಶಗಳು ಕೂಡಲೇ ಮಧ್ಯಸ್ಥಿಕೆ ವಹಿಸಬೇಕೆಂದು ಬೇಡಿದಳು. ವಿಲ್ಸನ್ ಸೌಜನ್ಯದಿಂದ ಕೇಳಿ ಕಳಿಸಿದ. ಆಕೆ ಊರಿಂದೂರಿಗೆ ರೈಲಿನಲ್ಲಿ ಸುತ್ತಿ ಮಾತನಾಡಿದಳು. ಹೆಂಗಸರ ಮತದ ಹಕ್ಕು ಮತ್ತು ಯುದ್ಧದ ವಿರೋಧ ಬೇರೆ ಬೇರೆ ಸಂಗತಿಗಳಲ್ಲ ಎಂಬುದು ಆಕೆಯ ವಾದ. ಯುದ್ಧ ಹೂಡುವಾಗ ಹೆಂಗಸರನ್ನು ಯಾರೂ ಕೇಳುವುದಿಲ್ಲ, ಹೆಣ ಬಂದಾಗ ಅಳಲು ಮಾತ್ರ ಕರೆಯುತ್ತಾರೆ, ಈ ಲೆಕ್ಕ ಸರಿಯಿಲ್ಲ ಎಂಬುದು ಆ ವಾದದ ತಿರುಳು. ಆಕೆಯ ಭಾಷಣಗಳ ಬಿಸಿ 1915ರ ಜನವರಿಯಲ್ಲಿ ಜೇನ್ ಆಡಮ್ಸ್ ನಾಯಕತ್ವದಲ್ಲಿ ಹುಟ್ಟಿದ ಅಮೆರಿಕದ ಮಹಿಳಾ ಶಾಂತಿ ಪಕ್ಷಕ್ಕೂ ತಾಗಿತ್ತು.

ಅದೇ ಏಪ್ರಿಲಿನಲ್ಲಿ ಹೇಗ್ ನಗರದಲ್ಲಿ ಸುಮಾರು 1,200 ಹೆಂಗಸರು ಸೇರಿದರು. ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದ ದೇಶಗಳ ಹೆಂಗಸರು ಒಂದೇ ಸೂರಿನಡಿ ಕೂತಿದ್ದರು. ಬ್ರಿಟನ್ನಿನಿಂದ ಹೊರಟು ನಿಂತಿದ್ದ ನೂರಾರು ಮಂದಿಗೆ ಸಮುದ್ರ ದಾಟಲು ಬಿಡಲಿಲ್ಲ, ಮೂವರಷ್ಟೇ ಬಂದರು. ಕೊನೆಯಲ್ಲಿ ರೋಸಿಕಾ ಒಂದು ಸಲಹೆ ಮುಂದಿಟ್ಟಳು: ನಾವು ನಿರ್ಣಯ ಮಾಡಿ ಮನೆಗೆ ಹೋಗುವುದು ಬೇಡ, ಅದನ್ನು ಕೈಯಲ್ಲಿ ಹಿಡಿದು ಪ್ರತಿ ದೇಶದ ರಾಜ, ಪ್ರಧಾನಿಯ ಬಾಗಿಲಿಗೆ ಹೋಗೋಣ. ಹಲವರಿಗೆ ಇದು ಹುಚ್ಚು ಎನ್ನಿಸಿತು. ಮಕ್ಕಳು ಲಕ್ಷಗಟ್ಟಲೆ ಸಾಯುತ್ತಿರುವಾಗ ತಾಯಂದಿರು ದೊರೆಗಳ ಬಳಿ ಹೋದರೆ ಆಗುವ ಅಪಾಯವಾದರೂ ಏನು, ಆಗದು ಎನ್ನಬಹುದು ಅಷ್ಟೇ ತಾನೆ ಎಂಬ ಅರ್ಥದ ಮಾತನ್ನು ಆಕೆ ಆಡಿದಳು. ನಿರ್ಣಯ ಗೆದ್ದಿತು. ಎರಡು ತಂಡಗಳು ಯುರೋಪಿನ ರಾಜಧಾನಿಗಳನ್ನು ಸುತ್ತಿದವು. ಆಕೆಯ ತಂಡ ಸ್ಕ್ಯಾಂಡಿನೇವಿಯಾದ ದೇಶಗಳಿಗೆ ಹೋಯಿತು. ಮಂತ್ರಿಗಳು ಕುರ್ಚಿ ಕೊಟ್ಟರು, ಮಾತು ಕೇಳಿದರು. ಯುದ್ಧ ನಿಲ್ಲಲಿಲ್ಲ.

ಇಲ್ಲಿಂದ ಮುಂದಿನದು ನಗೆಪಾಟಲಿನ ಕಥೆ. ರೋಸಿಕಾ ಮೋಟಾರು ಕಾರಿನ ಕುಬೇರ ಹೆನ್ರಿ ಫೋರ್ಡ್‌ನನ್ನು ಹಿಡಿದಳು. ಆತ ಹಡಗನ್ನೇ ಬಾಡಿಗೆಗೆ ಪಡೆದು, ಕ್ರಿಸ್ಮಸ್ ಹೊತ್ತಿಗೆ ಸೈನಿಕರನ್ನು ಕಂದಕದಿಂದ ಹೊರಗೆ ತರುತ್ತೇನೆಂದು ಘೋಷಿಸಿದ. 1915ರ ಡಿಸೆಂಬರ್ 4ರಂದು ಎರಡನೇ ಆಸ್ಕರ್ ಎಂಬ ಹಡಗು ಹೊರಟಾಗ ಯಾರೋ ಪಂಜರದಲ್ಲಿ ಅಳಿಲುಗಳನ್ನು ತಂದುಕೊಟ್ಟರು. ಇಂಗ್ಲಿಷಿನಲ್ಲಿ ಅಳಿಲು ತಿನ್ನುವ ಕಾಯಿಗೂ ತಲೆಕೆಟ್ಟವನಿಗೂ ಒಂದೇ ಪದ, ಅದೇ ಹಾಸ್ಯ. ಹಡಗಿನಲ್ಲಿದ್ದ ಪತ್ರಕರ್ತರಿಗೆ ರೋಸಿಕಾಳ ಕರಿ ಚೀಲವೇ ದೊಡ್ಡ ತಮಾಷೆಯಾಯಿತು. ಮಾತುಕತೆಗೆ ಒಲವು ತೋರಿದ ಸರಕಾರಗಳ ಕಾಗದಗಳು ಅದರಲ್ಲಿವೆಯೆಂದು ಹೇಳುತ್ತಿದ್ದ ಆಕೆ ಚೀಲ ಬಿಟ್ಟು ಕದಲುತ್ತಿರಲಿಲ್ಲ, ಸುಲಭಕ್ಕೆ ಯಾರಿಗೂ ತೋರಿಸುತ್ತಲೂ ಇರಲಿಲ್ಲ. ಹಡಗಿನೊಳಗೇ ಶಾಂತಿವಾದಿಗಳು ಜಗಳವಾಡಿಕೊಂಡರು. ನಾರ್ವೆ ತಲುಪುವಾಗ ಫೋರ್ಡ್‌ಗೆ ಕಾಯಿಲೆ. ಕ್ರಿಸ್ಮಸ್ ಹಬ್ಬಕ್ಕೆ ಮೊದಲೇ ಆತ ಸದ್ದಿಲ್ಲದೆ ಮನೆಯ ದಾರಿ ಹಿಡಿದ.

ಆಕೆ ಎಲ್ಲರಿಗೂ ಇಷ್ಟವಾಗುವ ಹೆಂಗಸಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ದರ್ಪವಿತ್ತು, ಗುಟ್ಟು ಮಾಡುವ ಸ್ವಭಾವವಿತ್ತು, ಜೊತೆಗಾರರ ಮೇಲೆ ಹರಿಹಾಯುತ್ತಿದ್ದಳು. ಹಡಗಿನ ಪ್ರಯಾಣ ಕೆಟ್ಟದ್ದರಲ್ಲಿ ಆಕೆಯ ಪಾಲೂ ಇದೆ ಎಂದೇ ನನ್ನ ಅನಿಸಿಕೆ. ಆದರೆ ಮುಂದೆ 1920ರಿಂದ ಫೋರ್ಡ್ ತನ್ನ ಪತ್ರಿಕೆಯಲ್ಲಿ ಯಹೂದಿಗಳ ಮೇಲೆ ವಿಷ ಕಾರತೊಡಗಿದಾಗ, ಆತನಲ್ಲಿ ಆ ದ್ವೇಷ ಹುಟ್ಟಿಸಿದವಳೇ ಈಕೆ ಎಂಬ ಗುಲ್ಲೂ ಹಬ್ಬಿತು. ದ್ವೇಷಿಸಿದವನದಲ್ಲ ತಪ್ಪು, ದ್ವೇಷಕ್ಕೆ ಗುರಿಯಾದವಳದು! ಈ ತರ್ಕ ನಮಗೆ ಹೊಸದೇನಲ್ಲ.

ಯುದ್ಧ ಮುಗಿಯುತ್ತಿದ್ದಂತೆ 1918ರ ಕೊನೆಯಲ್ಲಿ ಹಂಗೇರಿಯಲ್ಲಿ ಕಾರೋಯಿಯ ಸರಕಾರ ಬಂತು. ಓದು ಬರಹ ಬಲ್ಲ, 24 ದಾಟಿದ ಹೆಂಗಸರಿಗೆ ಮತದ ಹಕ್ಕು ಕೊಡುವ ಕಾನೂನೂ ಆಗ ಬಂತು. ರೋಸಿಕಾಳನ್ನು ಸ್ವಿಟ್ಜರ್ಲೆಂಡಿಗೆ ರಾಯಭಾರಿಯಾಗಿ ಕಳಿಸಿದರು. ಆ ಕಾಲದಲ್ಲಿ ಹೆಂಗಸೊಬ್ಬಳು ರಾಯಭಾರಿಯಾಗುವುದು ಜಗತ್ತೇ ಕಾಣದ ಸಂಗತಿ. ಹುದ್ದೆ ಕೆಲವೇ ತಿಂಗಳು ಉಳಿಯಿತು. ಕಮ್ಯುನಿಸ್ಟರು ಬಂದರು, ಅವರ ಹಿಂದೆಯೇ ಹೋರ್ತಿಯ ಬಲಪಂಥೀಯರು ಬಂದರು, ಯಹೂದಿಗಳ, ಎಡಪಂಥೀಯರ ಬೇಟೆ ಶುರುವಾಯಿತು. 1920ರಲ್ಲಿ ಆಕೆ ತಪ್ಪಿಸಿಕೊಂಡು ವಿಯೆನ್ನಾ ಸೇರಿದಳು, 1921ರಲ್ಲಿ ಅಮೆರಿಕ. ಅಲ್ಲಿ ಆಕೆಗಾಗಿ ಕಾದಿದ್ದದ್ದು ಬೇರೆಯೇ ಬಿರುದುಗಳು. ಕೆಲವರಿಗೆ ಆಕೆ ಜರ್ಮನ್ ಗೂಢಚಾರಿಣಿ, ಕೆಲವರಿಗೆ ಬೊಲ್ಷೆವಿಕ್ ಏಜೆಂಟಳು. ಹಾಗೆ ಬರೆದವನೊಬ್ಬನ ಮೇಲೆ ಮಾನನಷ್ಟದ ಮೊಕದ್ದಮೆ ಹೂಡಿ 17,000 ಡಾಲರ್ ಪರಿಹಾರದ ತೀರ್ಪು ಪಡೆದಳು. ಆದರೂ ಭಾಷಣದ ಆಹ್ವಾನಗಳು ಬತ್ತಿದವು. ಮಧುಮೇಹ ಆಕೆಯನ್ನು ಹಣ್ಣು ಮಾಡಿತ್ತು. ಅಕ್ಕರೆಯಿಂದ ನೋಡಿಕೊಂಡವಳು ಲೋಲಾ ಮೇವರಿಕ್ ಲಾಯ್ಡ್ ಎಂಬ ಹಳೆಯ ಗೆಳತಿ.

ಹೀಗಿರುವಾಗ 1926ರಲ್ಲಿ ಆಕೆ ಅಮೆರಿಕದ ಪೌರತ್ವಕ್ಕೆ ಅರ್ಜಿ ಹಾಕಿದಳು. ಅರ್ಜಿಯೊಂದಿಗೆ ಒಂದು ಪ್ರಶ್ನಾವಳಿ. ಅದರ ಇಪ್ಪತ್ತೆರಡನೆಯ ಪ್ರಶ್ನೆ: ಅಗತ್ಯ ಬಿದ್ದರೆ ಈ ದೇಶದ ರಕ್ಷಣೆಗಾಗಿ ಆಯುಧ ಹಿಡಿಯಲು ನೀವು ಸಿದ್ಧರಿದ್ದೀರಾ?

ಅರ್ಜಿದಾರಳಿಗೆ ಆಗ ಐವತ್ತರ ಹತ್ತಿರ ವಯಸ್ಸು. ಮೂಗಿನ ಮೇಲೆ ಕನ್ನಡಕ, ಮೈಯಲ್ಲಿ ಸಕ್ಕರೆ ಕಾಯಿಲೆ. ಅಮೆರಿಕದಲ್ಲಿ ಹೆಂಗಸರನ್ನು ಸೈನ್ಯಕ್ಕೆ ಕಡ್ಡಾಯವಾಗಿ ಕರೆಯುವ ಕಾನೂನು ಇರಲಿಲ್ಲ, ಆ ವಯಸ್ಸಿನ ಗಂಡಸರನ್ನೂ ಕರೆಯುತ್ತಿರಲಿಲ್ಲ. ಬಂದೂಕು ಕೊಡಿ ಎಂದು ಆಕೆಯೇ ಬೇಡಿದ್ದರೂ ಯಾರೂ ಕೊಡುತ್ತಿರಲಿಲ್ಲ. 'ಹೌದು' ಎಂಬ ಒಂದು ಪದ ಬರೆದಿದ್ದರೆ ಮುಗಿಯುತ್ತಿತ್ತು. ಆಕೆ ಬರೆದದ್ದು, ನಾನು ಸ್ವತಃ ಆಯುಧ ಹಿಡಿಯುವುದಿಲ್ಲ ಎಂದು.

ಮಗಳು ಈ ಭಾಗ ಓದಿದ ದಿನ ನನ್ನ ಅಮ್ಮಿ ಅಡುಗೆ ಮನೆಯಲ್ಲೇ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಅಮ್ಮಿಗೆ ಎಪ್ಪತ್ತು ದಾಟಿದೆ. ನಾವು ಅವಳಿಗೆ ದಖನಿಯಲ್ಲಿ ವಿವರಿಸಿದೆವು. ಅವಳು ಬೆಳ್ಳುಳ್ಳಿಯಿಂದ ಕಣ್ಣೆತ್ತದೆ, 'ಹೌ ಬೋಲ್ಕೆ ಲಿಖ್ ದೇನಾ ಥಾ' ಎಂದಳು. ಹೌದು ಅಂತ ಬರೆದುಬಿಡಬೇಕಿತ್ತು. ಅಮ್ಮಿಯ ಲೋಕಜ್ಞಾನವನ್ನು ನಾನು ಹಳಿಯಲಾರೆ. 2020ರ ಜನವರಿಯಲ್ಲಿ, ಪೌರತ್ವದ ಹೊಸ ಕಾನೂನಿನ ಮಾತು ಮನೆಮನೆಯಲ್ಲಿ ನಡೆಯುತ್ತಿದ್ದಾಗ, ಅವಳ ಕಾಗದಗಳನ್ನು ಹೊಂದಿಸಲು ನಾನೇ ಓಡಾಡಿದ್ದೇನೆ. ಒಂದರಲ್ಲಿ ಹೆಸರಿನ ಮುಂದೆ ಬೀ, ಇನ್ನೊಂದರಲ್ಲಿ ಬೇಗಂ, ಮತ್ತೊಂದರಲ್ಲಿ ಬಾನು. ಮೂವರು ಗುಮಾಸ್ತರು ಅವಳನ್ನು ಮೂವರು ಹೆಂಗಸರನ್ನಾಗಿ ಮಾಡಿದ್ದರು. ಒಂದು ಕಚೇರಿಯ ಕಿಟಕಿಯ ಹಿಂದಿದ್ದವರು, 'ಇದರಲ್ಲಿ ಇವರು ಯಾರು?' ಎಂದು ಅವಳೆದುರೇ ನನ್ನನ್ನು ಕೇಳಿದ್ದರು. ಅಮ್ಮಿ ಮೂರಕ್ಕೂ ತಲೆಯಾಡಿಸಿ 'ಹೌದು ಸಾಹೇಬ್ರೇ' ಎಂದಿದ್ದಳು. ಕೇಳಿದ್ದಕ್ಕೆಲ್ಲ ಹೌದು ಎನ್ನುವುದು ಅವಳು ಕಲಿತ ರಕ್ಷಣೆ. ತರಗತಿಯಲ್ಲಿ ನಾನು ತೋರಿದ್ದೂ ಅದನ್ನೇ ಇರಬೇಕು.

ರೋಸಿಕಾಳಿಗೂ ನನಗೂ ದೊಡ್ಡ ವ್ಯತ್ಯಾಸವಿದೆ, ಅದನ್ನು ಮುಚ್ಚಿಡುವುದಿಲ್ಲ. ನನ್ನ ಮನಸ್ಸಿನಲ್ಲಿದ್ದ ಉತ್ತರವೂ ಅವರು ಬಯಸಿದ ಉತ್ತರವೂ ಒಂದೇ ಆಗಿದ್ದವು. ಆಕೆಯವು ಬೇರೆ. ಹಾಗಿದ್ದೂ ಎರಡೂ ಪ್ರಶ್ನೆಗಳಿಗೆ ಒಂದು ನೆಂಟಸ್ತಿಕೆ ಕಾಣುತ್ತದೆ. ಅಮೆರಿಕದಲ್ಲಿ ಹುಟ್ಟಿದ ಹೆಂಗಸರನ್ನು ಯಾರೂ ಬಂದೂಕು ಹಿಡಿಯುತ್ತೀಯಾ ಎಂದು ಕೇಳಿ ಆಮೇಲೆ ಪ್ರಜೆಯೆಂದು ಒಪ್ಪುತ್ತಿರಲಿಲ್ಲ. ಅವರು ಹುಟ್ಟಿದ್ದೇ ಸಾಕಾಗಿತ್ತು.

ಷಿಕಾಗೊದ ಕೆಳ ನ್ಯಾಯಾಲಯದಲ್ಲಿ ಆಕೆಯನ್ನು ಸುತ್ತುಬಳಸಿ ಕೇಳಿದರು. ಆಕೆ ತೊಡಕಿಲ್ಲದೆ ಹೇಳಿದಳು: ಕಾನೂನು ಪ್ರಜೆಗಳಿಂದ ಬಯಸುವ ಉಳಿದೆಲ್ಲವನ್ನೂ ಮಾಡುತ್ತೇನೆ, ಕಾದಾಡುವುದೊಂದನ್ನು ಬಿಟ್ಟು. ಅಮೆರಿಕದ ಹೆಂಗಸರನ್ನೆಲ್ಲ ಬಲವಂತದಿಂದ ಯುದ್ಧಕ್ಕೆ ಕಳಿಸಿದರೂ ನಾನು ಹೋಗಲಾರೆ, ಅದು ನನ್ನ ಆತ್ಮಸಾಕ್ಷಿಯ ವಿಚಾರ. ತನಗೆ ರಾಷ್ಟ್ರೀಯತೆಯ ಭಾವವೇ ಇಲ್ಲ, ಇಡೀ ಮನುಷ್ಯ ಕುಟುಂಬಕ್ಕೆ ಸೇರಿದವಳೆಂಬ ಭಾವ ಮಾತ್ರ ಇದೆ ಎಂಬ ಆಕೆಯ ಇನ್ನೊಂದು ಮಾತನ್ನೂ ನ್ಯಾಯಾಲಯದಲ್ಲಿ ಆಕೆಯ ವಿರುದ್ಧ ಹಿಡಿದರು. ಓದುವಾಗ ನನಗೆ, ಅಯ್ಯೋ ಇದನ್ನೆಲ್ಲ ಯಾಕೆ ಹೇಳಿದೆಯೇ ಮಾರಾಯ್ತಿ ಎನ್ನಿಸಿತು. ಅಮ್ಮಿಯ ಮಗಳಲ್ಲವೇ ನಾನು.

ಕೆಳ ನ್ಯಾಯಾಲಯ 1927ರಲ್ಲಿ ಅರ್ಜಿ ತಿರಸ್ಕರಿಸಿತು. ಮೇಲ್ಮನವಿಯಲ್ಲಿ ಆಕೆ ಗೆದ್ದಳು. ಸರಕಾರ ಬಿಡಲಿಲ್ಲ, ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿ ಆಕೆಯ ಪರ ವಾದಿಸಿದವರು ಆಲಿವ್ ರೇಬ್ ಎಂಬ ವಕೀಲೆ. 1929ರ ಮೇ 27ರಂದು ಆರು ನ್ಯಾಯಾಧೀಶರು ಸರಕಾರದ ಪರ, ಮೂವರು ಆಕೆಯ ಪರ. ಬಹುಮತದ ತೀರ್ಪು ಬರೆದ ಬಟ್ಲರ್, ಅಗತ್ಯ ಬಿದ್ದಾಗ ಆಯುಧ ಹಿಡಿದು ದೇಶ ಕಾಯುವುದು ಪ್ರಜೆಯ ಮೂಲ ಕರ್ತವ್ಯ, ವಯಸ್ಸಾದ ಹೆಂಗಸು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ, ಇಂಥವರು ಬೇರೆಯವರ ಮನಸ್ಸನ್ನೂ ಕೆಡಿಸಬಹುದು ಎಂದರು. ಅಂದರೆ ಆಕೆ ಹೋರಾಡದಿರುವುದಕ್ಕಿಂತ ಮಾತನಾಡುವುದೇ ಅಪಾಯ!

ಭಿನ್ನಮತದ ತೀರ್ಪು ಬರೆದವರು ಹೋಮ್ಸ್. ಅವರಿಗೆ ಆಗ 88 ವರ್ಷ. ಯೌವನದಲ್ಲಿ ಅಮೆರಿಕದ ಅಂತರ್ಯುದ್ಧದಲ್ಲಿ ಕಾದಾಡಿ ಮೂರು ಸಲ ಗಾಯಗೊಂಡಿದ್ದ ಸಿಪಾಯಿ. ಯುದ್ಧವೇ ಇಲ್ಲವಾಗುತ್ತದೆಂಬ ಈಕೆಯ ನಂಬಿಕೆ ತನಗಿಲ್ಲ ಎಂದು ಅವರು ಸ್ಪಷ್ಟವಾಗಿಯೇ ಬರೆದರು. ಆದರೆ ವಿಚಾರ ಸ್ವಾತಂತ್ರ್ಯವೆಂದರೆ ನಮಗೊಪ್ಪುವ ವಿಚಾರಕ್ಕಷ್ಟೇ ಅಲ್ಲ, ನಾವು ದ್ವೇಷಿಸುವ ವಿಚಾರಕ್ಕೂ ಸ್ವಾತಂತ್ರ್ಯವಿರಬೇಕು, ದೇಶದೊಳಗೆ ಬರುವವರ ವಿಷಯದಲ್ಲೂ ಅದನ್ನೇ ಪಾಲಿಸಬೇಕು ಎಂದರು. ಕ್ವೇಕರ್ ಪಂಥದವರು ಇದೇ ನಂಬಿಕೆ ಇಟ್ಟುಕೊಂಡು ಈ ದೇಶ ಕಟ್ಟಿಲ್ಲವೇ ಎಂದೂ ಕೇಳಿದರು. ಬಂದೂಕು ಹಿಡಿದು ಬಲ್ಲ ಮುದುಕನಿಗೆ ಆಕೆಯಿಂದ ಭಯವಾಗಲಿಲ್ಲ ಎನ್ನುವುದು ನನಗೆ ಮತ್ತೆ ಮತ್ತೆ ಓದುವಂತೆ ಮಾಡಿದ ಸಂಗತಿ. ಆಕೆ ಕೃತಜ್ಞತೆಯ ಪತ್ರ ಬರೆದಾಗ, ನ್ಯಾಯಾಧೀಶನಿಗೆ ಯಾರೂ ಕೃತಜ್ಞತೆ ಹೇಳಬಾರದೆಂದು ಹೋಮ್ಸ್ ಉತ್ತರಿಸಿದರಂತೆ.

ಹಂಗೇರಿ ಕೈಬಿಟ್ಟಿತ್ತು, ಅಮೆರಿಕ ಕೈಹಿಡಿಯಲಿಲ್ಲ. ಮುಂದಿನ ಹತ್ತೊಂಬತ್ತು ವರ್ಷ ರೋಸಿಕಾ ಯಾವ ದೇಶದ ಪ್ರಜೆಯೂ ಅಲ್ಲದೆ ಬದುಕಿದಳು. ಅಮೆರಿಕದ ಹೆಂಗಸರಿಗೆ ಮತದ ಹಕ್ಕು ಬೇಕೆಂದು ಊರೂರು ತಿರುಗಿ ಮಾತನಾಡಿದವಳು, ಆ ಹಕ್ಕು 1920ರಲ್ಲಿ ಬಂದ ಮೇಲೆ ಅಲ್ಲೇ ಇದ್ದೂ ಮತಗಟ್ಟೆಯ ಹೊರಗೇ ಉಳಿದಳು. ಸುಮ್ಮನಂತೂ ಕೂರಲಿಲ್ಲ. 1935ರಲ್ಲಿ ಇತಿಹಾಸಕಾರ್ತಿ ಮೇರಿ ಬಿಯರ್ಡ್ ಜೊತೆ ಸೇರಿ ಹೆಂಗಸರ ದಾಖಲೆಗಳಿಗಾಗಿಯೇ ಒಂದು ಸಂಗ್ರಹಾಲಯ ಕಟ್ಟಲು ಹೊರಟಳು. 1937ರಲ್ಲಿ ಲೋಲಾ ಜೊತೆ ಇಡೀ ಜಗತ್ತಿಗೆ ಒಂದೇ ಸರಕಾರ ಬೇಕೆಂಬ ಚಳವಳಿ ಶುರು ಮಾಡಿದಳು. ದೇಶವಿಲ್ಲದವಳು ಇನ್ನೇನನ್ನು ಕೇಳಬೇಕು?

1946ರಲ್ಲಿ ಗಿರೋವಾರ್ಡ್ ಎಂಬ ಕೆನಡಾದವನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ತನ್ನ ಹಳೆಯ ತೀರ್ಪನ್ನು ಕೈಬಿಟ್ಟು, ಹೋಮ್ಸರ ದಾರಿಗೆ ಬಂತು. ಹೋಮ್ಸ್ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ರೋಸಿಕಾಳಿಗೆ 68. ಬಾಗಿಲು ತೆರೆದರೂ ಆಕೆ ಪ್ರಜೆಯಾಗಲಿಲ್ಲ.

1948ರ ನೊಬೆಲ್ ಶಾಂತಿ ಪ್ರಶಸ್ತಿಗೆ ಆಕೆಯ ಹೆಸರನ್ನು ಸೂಚಿಸಿದ್ದರು. ಆ ವರ್ಷ ಸೂಚಿತರಾದವರಲ್ಲಿ ನಮ್ಮ ಗಾಂಧೀಜಿಯೂ ಇದ್ದರು. ಜನವರಿ 30ರಂದು ಗಾಂಧೀಜಿಯ ಕೊಲೆಯಾಯಿತು. ಆಗಸ್ಟ್ 3ರಂದು ನ್ಯೂಯಾರ್ಕಿನಲ್ಲಿ ರೋಸಿಕಾ ತೀರಿಕೊಂಡಳು. ಬದುಕಿರುವವರಲ್ಲಿ ಯೋಗ್ಯರಾರೂ ಇಲ್ಲವೆಂದು ಸಮಿತಿ ಆ ವರ್ಷದ ಪ್ರಶಸ್ತಿಯನ್ನು ಯಾರಿಗೂ ಕೊಡಲಿಲ್ಲ.

ಮಗಳು ಅಣಕು ನ್ಯಾಯಾಲಯದಲ್ಲಿ ಸರಕಾರವನ್ನು ಗೆಲ್ಲಿಸಿ ಬಂದಳು. ಒಳ್ಳೆಯ ವಾದವಂತೆ, ಬಹುಮಾನವೂ ಬಂತು. ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದಳು.

ರೋಸಿಕಾ ಒಂದು ಚೀಟಿಯನ್ನೂ ಎಸೆಯುತ್ತಿರಲಿಲ್ಲ. ಪತ್ರಗಳು, ಕರಪತ್ರಗಳು, ಟಿಪ್ಪಣಿಗಳು ಎಲ್ಲವೂ ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯದಲ್ಲಿ ನೂರಾರು ಪೆಟ್ಟಿಗೆಗಳಲ್ಲಿ ಇವೆ. ಒಂದು ಪೌರತ್ವದ ಕಾಗದವಿಲ್ಲದವಳು ಬಿಟ್ಟುಹೋದ ಕಾಗದದ ರಾಶಿ ಅದು. ಇದನ್ನು ಹೇಳಿದಾಗ ಅಮ್ಮಿಗೆ ಮೊದಲ ಬಾರಿಗೆ ಆಕೆಯ ಮೇಲೆ ಗೌರವ ಬಂದಂತೆ ಕಂಡಿತು. ಅವಳ ಕಾಗದಗಳ ಪ್ಲಾಸ್ಟಿಕ್ ಕವರ್ 2020ರಿಂದಲೂ ಅಲ್ಮೇರಾದ ಮೇಲೆಯೇ ಇದೆ. ಒಳಗಿಟ್ಟು ಬೀಗ ಹಾಕೋಣ ಎಂದರೆ ಬೇಡ ಎನ್ನುತ್ತಾಳೆ, ಕೈಗೆಟುಕುವಂತಿರಲಿ ಎಂದು.